ಕಾರು ಕೈ ಬದಲಾಯಿತು, ಹೆಸರು?

ದಾವಣಗೆರೆಯಲ್ಲಿ ಹಳೆಯ ಕಾರು ಕೊಳ್ಳಲು ಹೊರಟವನಿಗೆ ಸಲಹೆಗಾರರ ಬರವಿಲ್ಲ. ಮಾರುತಿ ಬಿಟ್ಟು ಬೇರೆಯದನ್ನು ನೋಡಲೇಬೇಡಿ, ಅದರ ಬಿಡಿಭಾಗ ಜಗಳೂರಿನಲ್ಲೂ ಸಿಗುತ್ತದೆ, ನಾಳೆ ಮಾರಿದರೂ ಬೆಲೆ ಬರುತ್ತದೆ ಎನ್ನುವುದು ಒಂದು ಪಕ್ಷ. ಬೆಲೆ ಬೇಗ ಇಳಿಯುವ ದೊಡ್ಡ ಕಾರನ್ನೇ ಐದು ವರ್ಷದ ನಂತರ ಕೊಳ್ಳಬೇಕು, ಸವಕಳಿಯ ನಷ್ಟವನ್ನು ಮೊದಲ ಮಾಲೀಕನೇ ಹೊತ್ತಿರುತ್ತಾನೆ ಎನ್ನುವುದು ಇನ್ನೊಂದು ಪಕ್ಷ. ಹಳೆಯದಕ್ಕೆ ಸುರಿಯುವ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ಹೊಸದನ್ನೇ ತನ್ನಿ ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಇವರ ವಾದಕ್ಕೆ ಬಲ ಬಂದಿದೆ.

ವೈದ್ಯಕೀಯ ಕಾಲೇಜುಗಳ ಊರಾದ್ದರಿಂದ ಇಲ್ಲಿ ಮತ್ತೊಂದು ಶಿಫಾರಸು ಬಲು ಜನಪ್ರಿಯ: 'ಡಾಕ್ಟರ್ ಓಡಿಸಿದ ಗಾಡಿ ಸಾರ್, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ.' ಮಾರಾಟಕ್ಕೆ ನಿಂತ ಅಷ್ಟೂ ಕಾರುಗಳನ್ನು ವೈದ್ಯರೇ ಓಡಿಸಿದ್ದು ನಿಜವಾದರೆ ಈ ಊರಿನಲ್ಲಿ ರೋಗಿಗಳಿಗಿಂತ ವೈದ್ಯರೇ ಹೆಚ್ಚಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋದರೆ ಮಾತಿನ ಧಾಟಿಯೇ ಬೇರೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತ್ ಯಂತ್ರಗಳನ್ನು ತಯಾರಿಸಿದ ಊರು ಅದು. ಕಾರ್ಖಾನೆ ಮುಚ್ಚಿದರೂ ಲೋಹದ ಸದ್ದನ್ನು ಆಲಿಸುವ ಕಿವಿಗಳು ಉಳಿದಿವೆ. ಹರಿಹರದ ಕಾರುಪ್ರಿಯರು ಮಾರುವವನ ಮಾತಿಗಿಂತ ಕಾರಿನ ಮಾತಿಗೆ ಕಿವಿಗೊಡುತ್ತಾರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಿರಿ ಎನ್ನುತ್ತಾರೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಬಾಗಿಲಿನ ರಬ್ಬರ್ ಎಳೆದಾಗ ಕಾರ್ಖಾನೆಯ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ಕಾಣಬೇಕು, ಇಲ್ಲವಾದರೆ ಕಾರು ಅಪಘಾತ ಕಂಡಿರಬಹುದು. ಮೀಟರು ಮೂವತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ಬೋಳಾಗಿದ್ದರೆ ಮೀಟರನ್ನಲ್ಲ, ರಬ್ಬರನ್ನು ನಂಬಬೇಕು.

ಈ ಅಪನಂಬಿಕೆ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದ ವಸ್ತು ಹಳೆಯ ಕಾರುಗಳ ಮಾರುಕಟ್ಟೆಯೇ ಆಗಿತ್ತು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಒಳ್ಳೆಯ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಸರಕು. ಅಪ್ರಾಮಾಣಿಕತೆಯ ಬೆಲೆಯನ್ನು ವಿವರಿಸುತ್ತ, ಬೇಕೆಂದೇ ಬೆರೆಸಿದ ಕಲ್ಲನ್ನು ಅಕ್ಕಿಯಿಂದ ಆರಿಸಬೇಕಾದ ಭಾರತದ ಗೃಹಿಣಿಯನ್ನೂ ಅವರು ಉದಾಹರಿಸಿದ್ದರು. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಪ್ರಬಂಧದ ವಿಚಾರಕ್ಕೆ 2001ರಲ್ಲಿ ನೊಬೆಲ್ ಗೌರವ ಸಂದಿತು. ಭದ್ರಾ ನಾಲೆಯ ಭತ್ತವನ್ನು ಅಕ್ಕಿ ಮಾಡುವ ದಾವಣಗೆರೆಯವರಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಚರ್ಚೆಗಳಲ್ಲೆಲ್ಲ ನನ್ನನ್ನು ಕಾಡುವ ಒಂದು ಕೊರತೆಯಿದೆ. ಎಂಜಿನ್, ಟೈರು, ಮೈಲೇಜುಗಳ ಬಗ್ಗೆ ಗಂಟೆಗಟ್ಟಲೆ ವಾದಿಸುವವರು ನೋಂದಣಿ ಪತ್ರದಲ್ಲಿರುವ ಹೆಸರಿನ ಬಗ್ಗೆ ಒಂದು ನಿಮಿಷವೂ ಮಾತನಾಡುವುದಿಲ್ಲ. ಕೊಳ್ಳುವವನು ಮೋಸ ಹೋಗಬಾರದು ಎಂಬ ಎಚ್ಚರ ಎಲ್ಲರಲ್ಲೂ ಇದೆ. ಮಾರಿದವನಿಗೂ ಅಪಾಯವಿದೆ ಎಂಬ ಅರಿವು ಕಡಿಮೆ.

ಹರಿಹರದಲ್ಲಿ ನನಗೆ ಪರಿಚಯವಿರುವ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಕಾರನ್ನು ಮಧ್ಯವರ್ತಿಯೊಬ್ಬನಿಗೆ ಕೊಟ್ಟರು. ಆತ ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಹಣ ಎಣಿಸಿದ. ಎರಡು ವರ್ಷಗಳ ನಂತರ, ಅವರು ಕಾಲಿಡದ ಊರುಗಳಿಂದ ಅತಿವೇಗದ ದಂಡದ ನೋಟಿಸುಗಳು ಮನೆಗೆ ಬರತೊಡಗಿದವು. ಕೆಎ 17 ಫಲಕದ ಆ ಕಾರು ಯಾರ ಕೈಯಲ್ಲಿತ್ತೋ, ದಾಖಲೆಯಲ್ಲಿ ಮಾತ್ರ ಮೇಷ್ಟ್ರದೇ ಆಗಿ ಉಳಿದಿತ್ತು. ದಂಡವನ್ನು ಹೇಗೋ ತುಂಬಬಹುದು. ಅದೇ ಕಾರು ಯಾರದೋ ಜೀವ ತೆಗೆದಿದ್ದರೆ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟ ಉತ್ತರ ಕೊಟ್ಟಿದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರು ಹಲವು ಕೈ ದಾಟಿ 2009ರಲ್ಲಿ ಅಪಘಾತಕ್ಕೆ ಕಾರಣವಾಗಿತ್ತು. ಕೊಂಡವರು ಎಷ್ಟೇ ಜನರಿರಲಿ, ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಗಾಯಗೊಂಡವನು ಅಥವಾ ಸತ್ತವನ ಕುಟುಂಬ ಒಬ್ಬರ ನಂತರ ಒಬ್ಬರಂತೆ ಕೊಂಡವರನ್ನೆಲ್ಲ ಹುಡುಕಿಕೊಂಡು ಅಲೆಯಬಾರದು ಎಂಬುದು ಅದರ ತರ್ಕ. ಮಾರಿದವನಿಗೆ ಕಠಿಣವೆನಿಸಿದರೂ ನೊಂದವರ ದೃಷ್ಟಿಯಿಂದ ಇದು ನ್ಯಾಯವೇ. 2025ರ ನವೆಂಬರ್ 10ರಂದು ದೆಹಲಿಯ ಕೆಂಪು ಕೋಟೆಯ ಬಳಿ ಸ್ಫೋಟಗೊಂಡ ಕಾರು ಕೂಡ ಹಲವರ ಕೈ ದಾಟಿ ಬಂದದ್ದು; ಪೊಲೀಸರ ವಿಚಾರಣೆ ಅದನ್ನು ಹಿಂದೆಯೇ ಮಾರಿದ್ದವರ ಮನೆ ಬಾಗಿಲಿಗೂ ಹೋಯಿತು.

ಹಾಗೆಂದು ಕಾನೂನು ದಾರಿ ತೋರಿಸಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ರಾಜ್ಯದೊಳಗೆ ಮಾರಿದವನು 14 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಕೊಂಡವನು 30 ದಿನಗಳಲ್ಲಿ ಅರ್ಜಿ ಹಾಕಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ 14 ದಿನಗಳ ಅವಧಿಯಿದೆ. ಮಧ್ಯವರ್ತಿಗಳ ವಿಷಯದಲ್ಲೂ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಹಳೆಯ ವಾಹನದ ವ್ಯಾಪಾರಿ ಅಧಿಕಾರ ಪತ್ರ ಪಡೆದಿರಬೇಕು. ಕಾರು ಅವನ ವಶಕ್ಕೆ ಬಂದುದನ್ನು ಆನ್‌ಲೈನ್ ಮೂಲಕ ತಿಳಿಸಿದರೆ, ಮುಂದಿನ ಮಾರಾಟದವರೆಗೆ ಅವನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಮೇಷ್ಟ್ರಂಥವರ ಪಾಲಿಗೆ ಇದು ದೊಡ್ಡ ರಕ್ಷಣೆ.

ಕೊರತೆ ಇರುವುದು ಆಚರಣೆಯಲ್ಲಿ. ಪಿ.ಬಿ. ರಸ್ತೆಯ ಬದಿಯಲ್ಲಿ ಕಾರು ಕೈ ಬದಲಾಯಿಸುವಾಗ ಮಾರುವವನು ಕೇಳುವುದು ಹಣ ಯಾವಾಗ ಎಂದು ಮಾತ್ರ. ಅಧಿಕಾರ ಪತ್ರ ತೋರಿಸಿ ಎಂದು ಕೇಳುವವರು ವಿರಳ. ಕೇಳಿದರೆ ಅಪನಂಬಿಕೆ ತೋರಿದಂತಾಗುತ್ತದೆ ಎಂಬ ಸಂಕೋಚ ಬೇರೆ. ಎಂಜಿನ್ ತೆರೆಸಿ ನೋಡುವಾಗ ಇಲ್ಲದ ಸಂಕೋಚ ಕಾಗದದ ವಿಷಯದಲ್ಲಿ ಏಕೆ? ಸಾರಿಗೆ ಇಲಾಖೆಯೂ ಇಂಥ ವ್ಯಾಪಾರಿಗಳಲ್ಲಿ ಅಧಿಕಾರ ಪತ್ರ ಪಡೆದವರ ಪಟ್ಟಿಯನ್ನು ಪ್ರತಿ ಪ್ರಾದೇಶಿಕ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಾಕಿದರೆ ಅರ್ಧ ಕೆಲಸ ಆದಂತೆ.

ಹಳೆಯ ಕಾರು ಕೊಳ್ಳುವುದು ಅವಮಾನವೂ ಅಲ್ಲ, ದಡ್ಡತನವೂ ಅಲ್ಲ. ಮಧ್ಯಮ ವರ್ಗದ ಎಷ್ಟೋ ಮನೆಗಳು ನಾಲ್ಕು ಚಕ್ರದ ಮೇಲೆ ಕುಳಿತದ್ದೇ ಹೀಗೆ. ಯಾವ ಕಂಪೆನಿ, ಯಾವ ಇಂಧನ ಎಂಬ ವಾದ ಮುಂದುವರಿಯಲಿ, ಅದರ ಸುಖವೇ ಬೇರೆ. ಆದರೆ ಕಾರನ್ನು ಮಾರಿದವನ ಜವಾಬ್ದಾರಿ ಕೀಲಿಗೊಂಚಲು ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ದಾಖಲೆಯಿಂದ ತನ್ನ ಹೆಸರು ಇಳಿದುದನ್ನು ಕಣ್ಣಾರೆ ಕಂಡ ದಿನ ಮುಗಿಯುತ್ತದೆ.