ಸೋರದ ಛಾವಣಿಯನ್ನೂ ಕೀಳಬೇಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಯ ಛಾವಣಿಯನ್ನು 20 ವರ್ಷಕ್ಕೇ ಬದಲಿಸಬೇಕಂತೆ. ಸೋರುತ್ತಿಲ್ಲವಲ್ಲ, ಯಾಕೆ?

ಉತ್ತರ: ಅಲ್ಲಿ ಹೆಚ್ಚಿನ ಮನೆಗಳಿಗೆ ಹೊದಿಸುವುದು ಆಸ್ಫಾಲ್ಟ್ ಶಿಂಗಲ್. ಗಾಜಿನ ನಾರಿನ ಹಾಳೆಗೆ ಡಾಂಬರು ಲೇಪಿಸಿ, ಮೇಲೆ ಬಣ್ಣದ ಕಲ್ಲಿನ ಹರಳು ಅಂಟಿಸಿದ ಪಟ್ಟಿಗಳಿವು. ಡಾಂಬರನ್ನು ಬಿಸಿಲಿನಿಂದ ಕಾಯುವುದು ಆ ಹರಳುಗಳೇ. ಅವು ಉದುರಿದರೆ ಡಾಂಬರು ಒಣಗಿ ಬಿರಿಯುತ್ತದೆ, ಪಟ್ಟಿಯ ಅಂಚು ಮುರುಟುತ್ತದೆ. ಸೂರಂಚಿನ ಗಟರಿನಲ್ಲಿ ಒರಟು ಮರಳಿನಂತೆ ಹರಳು ತುಂಬಿದೆಯೇ, ಮಗಳನ್ನು ಕೇಳಿ ನೋಡಿ. ಸಾಮಾನ್ಯ ಶಿಂಗಲ್‌ನ ಆಯುಸ್ಸು ಸುಮಾರು 15ರಿಂದ 30 ವರ್ಷ. ನೀರು ಒಳಮಾಳಿಗೆಯಲ್ಲಿ ಕಾಣುವ ಮೊದಲೇ ಶಿಂಗಲ್ ಕೆಳಗಿನ ಪ್ಲೈವುಡ್ ನೆನೆದು ಕೊಳೆತಿರಬಹುದು; ಕಾಯುವುದು ದುಬಾರಿ. ಹಳೆಯದರ ಮೇಲೆಯೇ ಹೊಸ ಪದರ ಹೊಡೆಸಿದರೆ ಖರ್ಚು ಕಡಿಮೆ, ಆದರೂ ಬೇಡವೆನ್ನುತ್ತೇನೆ. ಕೊಳೆತ ಹಲಗೆ ಕಣ್ಣಿಗೆ ಬೀಳುವುದು ಪೂರ್ತಿ ಕಿತ್ತಾಗಲೇ.