ಆಕಾಶ ಹಸಿರಾದರೂ ನೆಲ ಒಪ್ಪಬೇಕು

ಗೋಕರ್ಣದ ಓಂ ಬೀಚಿನ ಮರಳಲ್ಲಿ ನಿಂತವರಿಗೆ ‘ಓಂ’ ಕಾಣಿಸದು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದವರಿಗೆ ಆ ದ್ವೀಪದ ಹೃದಯದಾಕಾರ ಗೊತ್ತಾಗದು. ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯ ಈ ಮೇಲ್ನೋಟವನ್ನು ಎಲ್ಲರ ಮೊಬೈಲಿಗೂ ತಲುಪಿಸಿದ್ದು ಡ್ರೋನ್. ಕಾನೂನು ಅದರ ಹಿಂದೆ ಏದುಸಿರು ಬಿಡುತ್ತ ಬಂತು.

2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಪ್ರಕಟಣೆ ಹೊರಡಿಸಿ ಖಾಸಗಿ ಡ್ರೋನ್ ಹಾರಾಟವನ್ನೇ ನಿಷೇಧಿಸಿತು. ಮದುವೆ ಮನೆಯ ಫೋಟೊಗ್ರಾಫರುಗಳು ಅದಕ್ಕೆ ಕಿವಿಗೊಟ್ಟಂತೆ ಕಾಣಲಿಲ್ಲ. 2018ರ ಡಿಸೆಂಬರ್‌ನಲ್ಲಿ ಅನುಮತಿಯ ದಾರಿ ತೆರೆಯಿತು. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ದಾಳಿ ನಡೆಯಿತು. ಅದರ ಬೆನ್ನಿಗೇ ನೌಕಾಪಡೆ ತನ್ನ ನೆಲೆಗಳ ಸುತ್ತ 3 ಕಿ.ಮೀ. ವ್ಯಾಪ್ತಿಯಲ್ಲಿ ಹಾರಾಟ ನಿಷೇಧಿಸಿತು. ಕಾರವಾರದ ಕದಂಬ ನೌಕಾನೆಲೆ ಇರುವ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

ಇಷ್ಟಾದ ಮೇಲೂ ಅದೇ ವರ್ಷದ ಆಗಸ್ಟ್ 25ರ ಡ್ರೋನ್ ನಿಯಮಗಳು ಬಿಗಿಯಾಗುವ ಬದಲು ಸಡಿಲವಾದವು. ಮರುತಿಂಗಳು ದೇಶದ ಆಕಾಶಕ್ಕೆ ಬಣ್ಣದ ನಕ್ಷೆ ಬಂತು. ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಯಾರ ಅಪ್ಪಣೆಯೂ ಬೇಡ, ಹಳದಿಗೆ ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದೇ ಅನುಮತಿ ಆಗಬೇಕು. ತಪ್ಪಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಈ 120 ಮೀಟರ್ ಎಷ್ಟು ಎತ್ತರವೆಂದು ತಿಳಿಯಲು ಕುಮಟಾ ತಾಲ್ಲೂಕಿನ ಯಾಣಕ್ಕೆ ಹೋಗಬೇಕು. ಅಲ್ಲಿನ ಭೈರವೇಶ್ವರ ಶಿಖರ ಹೆಚ್ಚುಕಡಿಮೆ ಅಷ್ಟೇ ಇದೆ. ಬುಡದಿಂದ ಹಾರಿಸಿದವರು ಕಪ್ಪು ಬಂಡೆಯ ನೆತ್ತಿ ತಲುಪುವ ಹೊತ್ತಿಗೆ ಮಿತಿಯೂ ಮುಗಿದಿರುತ್ತದೆ. ಮಿತಿಯೊಳಗಿದ್ದರೆ ಸಾಕೇ? ಸಾಲದು. ಸುತ್ತಲಿರುವುದು ಕಾಡು, ಅರಣ್ಯ ಇಲಾಖೆಯನ್ನು ಕೇಳಬೇಕು. ಮಿರ್ಜಾನ್ ಕೋಟೆ, ಭಟ್ಕಳದ ಕೇತಪಯ್ಯ ನಾರಾಯಣ ದೇವಸ್ಥಾನಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಅಲ್ಲಿ ಅವರ ಅಪ್ಪಣೆ ಬೇಕು. ನೇತ್ರಾಣಿಯಂತೂ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ಇನ್ನು ಗಣ್ಯರ ಭೇಟಿಯೋ ಗಲಾಟೆಯೋ ಎದುರಾದರೆ ಪೊಲೀಸ್ ವರಿಷ್ಠಾಧಿಕಾರಿ ಹಸಿರು ಜಾಗವನ್ನೂ 96 ಗಂಟೆಗಳವರೆಗೆ ಕೆಂಪಾಗಿಸಬಲ್ಲರು.

ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆಕಾಶದ ಅನುಮತಿ ಬೇರೆ, ನೆಲದ ಅನುಮತಿ ಬೇರೆ ಎಂಬುದನ್ನು ಪ್ರವಾಸಿಗರಿಗೆ ಸ್ಪಷ್ಟವಾಗಿ ಹೇಳುವವರು ಬೇಕು. ‘ಡ್ರೋನ್ ನಿಷೇಧಿಸಿದೆ’ ಎಂಬ ಬರಿಯ ಫಲಕದಿಂದ ಆ ಕೆಲಸ ಆಗದು. ನಿಷೇಧ ಯಾರದು, ಯಾರನ್ನು ಕೇಳಬೇಕು ಎಂಬ ಎರಡು ಸಾಲನ್ನು ಪಾರ್ಕಿಂಗ್ ಜಾಗದಲ್ಲೇ ಬರೆಸುವ ಕೆಲಸವನ್ನು ಜಿಲ್ಲಾಡಳಿತ ಮಾಡಲಿ. ಹಾರಿಸುವವರು ಹೊರಡುವ ಮುನ್ನ ‘ಡಿಜಿಟಲ್ ಸ್ಕೈ’ ಜಾಲತಾಣದಲ್ಲಿ ಆ ಬಣ್ಣದ ನಕ್ಷೆ ನೋಡಲಿ. ಮುರುಡೇಶ್ವರದ 123 ಅಡಿಯ ಶಿವನನ್ನು ಮೇಲಿನಿಂದ ನೋಡುವ ಆಸೆಗಂತೂ ಡ್ರೋನೇ ಬೇಕಿಲ್ಲ, ರಾಜಗೋಪುರದಲ್ಲಿ ಲಿಫ್ಟ್ ಇದೆ.