ಅಳಿಯಲೊಲ್ಲದ ಕಡತ

ಜತ್ತ ತಾಲ್ಲೂಕಿನ ನಮ್ಮ ಕನ್ನಡ ಮನೆತನಗಳಲ್ಲಿ ಹೊಲದ ಸಾತಬಾರಾ ಉತಾರಕ್ಕೂ ಆಧಾರ ಕಾರ್ಡಿನ ಪ್ರತಿಗೂ ಸೇವಾಕೇಂದ್ರದ ಗಣಕಯಂತ್ರವನ್ನೇ ಆಶ್ರಯಿಸುವವರು ಅನೇಕರು. ಕೆಲಸ ಮುಗಿದೊಡನೆ ಆ ಪ್ರತಿಯ ಕಡತವನ್ನು ಅಲ್ಲಿಂದ ಅಳಿಸಿಸಿ ಬರುವುದು ಜಾಣತನ. ಆದರೆ ಕೆಲವೊಮ್ಮೆ ಕಡತವು ಅಳಿಯಲೊಲ್ಲದು. ಅದು ಬಳಕೆಯಲ್ಲಿದೆಯೆಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ.

ಇದು ಯಂತ್ರದ ಹಟವಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶವು ತೆರೆದು ಹಿಡಿದಿರುವ ಕಡತವನ್ನು ಸಾಮಾನ್ಯವಾಗಿ ಅಳಿಸಲಾಗದು. ನೊಗ ಹೊತ್ತ ಎತ್ತನ್ನು ಯಾರೂ ಸಂತೆಗೆ ಹೊಡೆಯುವುದಿಲ್ಲ. ಮೊದಲು ನೊಗ ಇಳಿಸುತ್ತಾರೆ. ಹಾಗೆಯೇ ಮೊದಲು ಆ ತಂತ್ರಾಂಶವನ್ನು ಮುಚ್ಚಬೇಕು. ಆಗಲೂ ಅಳಿಯದಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಬೇರೇನನ್ನೂ ತೆರೆಯುವ ಮುನ್ನ ಅಳಿಸಬೇಕು.

ಅಷ್ಟಕ್ಕೇ ನಿಶ್ಚಿಂತರಾಗಲಾಗದು. ಅಳಿಸಿದ ಕಡತವು ಸಾಮಾನ್ಯವಾಗಿ ರೀಸೈಕಲ್ ಬಿನ್ ಎಂಬ ಬುಟ್ಟಿಯನ್ನು ಸೇರುತ್ತದೆ. ಅಲ್ಲಿಂದ ಅದನ್ನು ಮರಳಿ ಪಡೆಯುವುದು ಸುಲಭ. ಆದುದರಿಂದ ಅಲ್ಲಿಂದಲೂ ತೆಗೆಸಬೇಕು. ಶಿಫ್ಟ್ ಮತ್ತು ಡಿಲೀಟ್ ಗುಂಡಿಗಳನ್ನು ಕೂಡಿಯೇ ಒತ್ತಿದರೆ ಕಡತವು ಬುಟ್ಟಿಗೆ ಹೋಗದೆ ಅಳಿಯುತ್ತದೆ. ಪ್ರತಿಯನ್ನು ವಾಟ್ಸಪ್ಪಿನಲ್ಲಿ ಕಳಿಸಿದ್ದರೆ, ಅಲ್ಲಿಯದನ್ನೂ ಅಳಿಸಲು ಹೇಳಬೇಕು.

ಹೊಲದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದ ಹಿರಿಯರ ಎಚ್ಚರವು ಇಲ್ಲಿಯೂ ನಮಗಿರಲಿ.